ಸಾಮಾನು ಸಮೇತ ಒಂದು ಕೋಣೆ: ಕೊಡುವ ಮುನ್ನ, ಹಿಡಿಯುವ ಮುನ್ನ



ಗಾಂಧಿ ಬಜಾರಿನ ಹಿಂದಿನ ಓಣಿಯೊಂದರಲ್ಲಿ ನಡೆಯುವ ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ ಕಟ್ಟಿ, ಪುಸ್ತಕ ಬರೆದು, ಸಾಲದ ಬೇಡಿಕೆ ಕೇಳುವ ಹೊತ್ತಿಗೆ ಸದಸ್ಯೆಯೊಬ್ಬರು ಎದ್ದು ನಿಂತು "ನನಗೆ ತುರ್ತಾಗಿ ಆರು ಸಾವಿರ ಬೇಕು" ಅಂದರು. ಏತಕ್ಕೆ ಎಂದು ಪ್ರತಿನಿಧಿ ಕೇಳಿದರು. ಉದ್ದೇಶ ಬರೆಯದೆ ಸಾಲದ ನಿರ್ಣಯ ಬರೆಯುವ ಹಾಗಿಲ್ಲವಲ್ಲ. "ಅಡ್ವಾನ್ಸ್ ವಾಪಸ್ ಕೊಡೋದಕ್ಕೆ" ಅಂದರು ಅವರು. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಹಿಂದೆ ಕುಳಿತಿದ್ದ ಒಬ್ಬರು "ಆ ದುಡ್ಡು ನಿಮ್ಮತ್ರಾನೇ ಇರ್ಬೇಕಲ್ಲಕ್ಕಾ?" ಎಂದು ಮೆಲ್ಲಗೆ ಕೇಳಿದರು. "ಇರ್ಬೇಕಿತ್ತು ಕಣೇ. ಮಗನ ಫೀಸಿಗೆ ಹೋಯ್ತು."

ನಡೆದದ್ದು ಇಷ್ಟು. ಗಂಡ ತೀರಿಕೊಂಡ ಮೇಲೆ ಆ ತಾಯಿ ಹಳೆಯ ಮನೆಯಲ್ಲಿ ಮಗನೊಂದಿಗೆ ಇದ್ದಾರೆ. ಮಗಳ ಮದುವೆಯಾಗಿ ಒಂದು ಕೋಣೆ ಖಾಲಿಯಾಯಿತು. ಸಂಘದಿಂದ ಸಾಲ ಪಡೆದು ಎರಡು ಮಂಚ, ಹಾಸಿಗೆ, ಟೇಬಲ್ಲು, ಕುರ್ಚಿ, ಒಂದು ಕಬ್ಬಿಣದ ಬೀರು ಹಾಕಿ ಕೆಲಸಕ್ಕೆ ಹೋಗುವ ಇಬ್ಬರು ಹೆಣ್ಣುಮಕ್ಕಳಿಗೆ ಬಾಡಿಗೆಗೆ ಕೊಟ್ಟರು. ಒಬ್ಬಾಕೆ ನರ್ಸ್, ಇನ್ನೊಬ್ಬಾಕೆ ಬ್ಯಾಂಕಿನಲ್ಲಿ. ಒಂದು ವರ್ಷ ಚೆನ್ನಾಗಿಯೇ ನಡೆಯಿತು. ನರ್ಸಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ತಿಂಗಳು ಮೊದಲೇ ಹೇಳಿದ್ದಳು, ಬಾಡಿಗೆ ಬಾಕಿ ಇರಲಿಲ್ಲ. ಹೊರಡುವ ದಿನ ಅಡ್ವಾನ್ಸ್ ಕೇಳಿದರೆ ಕೊಡಲು ಕೈಯಲ್ಲಿ ಇರಲಿಲ್ಲ. ಮಾತಿಗೆ ಮಾತು ಬೆಳೆಯಿತು. ಒಂದು ವರ್ಷ "ಆಂಟಿ, ಆಂಟಿ" ಎಂದು ಒಟ್ಟಿಗೆ ಕಾಫಿ ಕುಡಿದವಳು ಬಾಗಿಲಲ್ಲಿ ನಿಂತು ಅತ್ತಳಂತೆ.

ಇದರಲ್ಲಿ ತಪ್ಪು ಆ ತಾಯಿಯದ್ದು ಮಾತ್ರ ಅಲ್ಲ, ನಮ್ಮದೂ ಇದೆ. ಸಾಲ ಕೊಡುವ ಮೊದಲು ಆದಾಯ ಖರ್ಚಿನ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದವರು ನಾವೇ. ಆ ಲೆಕ್ಕದಲ್ಲಿ 12,000 ರೂಪಾಯಿ ಅಡ್ವಾನ್ಸನ್ನು ಆದಾಯದ ಪಟ್ಟಿಗೆ ಸೇರಿಸಿದ್ದೆವು. ಹಾಗಾಗಿ ಈ ಸಲ ಕೋಣೆ ಬಾಡಿಗೆಯ ವಿಷಯವನ್ನೇ ಪೂರ್ತಿಯಾಗಿ ಬರೆಯೋಣ ಎಂದುಕೊಂಡಿದ್ದೇವೆ. ಕೋಣೆ ಕೊಡುವವರಿಗೂ ಇದು ಬೇಕು. ಮಗಳನ್ನು ಬೆಂಗಳೂರಿಗೋ ಮಂಗಳೂರಿಗೋ ಕೆಲಸಕ್ಕೆ ಕಳುಹಿಸಿ, ಅಲ್ಲಿ ಯಾರದೋ ಮನೆಯ ಕೋಣೆಯಲ್ಲಿ ಬಿಟ್ಟು ಬಂದ ತಾಯಂದಿರಿಗೂ ಬೇಕು. ನಮ್ಮ ಸಂಘಗಳಲ್ಲಿ ಇಬ್ಬರೂ ಇದ್ದಾರೆ. ಕೆಲವರು ಎರಡೂ ಹೌದು.

ಯಾರು ಬರುತ್ತಾರೆ?

ಮೊದಲೆಲ್ಲ ಶಿವಮೊಗ್ಗದಲ್ಲಿ ಕೋಣೆ ಎಂದರೆ ಓದುವ ಹುಡುಗರಿಗೆ ಮಾತ್ರ. ಚಾಪೆ, ಸೀಮೆ‌ಎಣ್ಣೆ ಸ್ಟೌ, ಒಂದು ಟ್ರಂಕು ತಂದು ಇರುತ್ತಿದ್ದರು. ಭದ್ರಾವತಿಯಲ್ಲಿ ಆ ಪ್ರಶ್ನೆ ಅಷ್ಟಾಗಿ ಇರಲಿಲ್ಲ. ಕಬ್ಬಿಣದ ಕಾರ್ಖಾನೆಗೂ ಕಾಗದದ ಕಾರ್ಖಾನೆಗೂ ತಮ್ಮದೇ ಕ್ವಾರ್ಟರ್ಸ್ ಇದ್ದವು. ಕೆಲಸ ಸಿಕ್ಕಿದರೆ ಮನೆಯೂ ಸಿಕ್ಕಿತು ಎಂದೇ ಲೆಕ್ಕ. ಎಂ.ಪಿ.ಎಂ. ಉತ್ಪಾದನೆ ನಿಂತ ಮೇಲೆ ಅಲ್ಲಿನ ಎಷ್ಟೋ ಮನೆಯ ಮಕ್ಕಳು ಕೆಲಸ ಹುಡುಕಿಕೊಂಡು ಹೊರಗೆ ಹೋಗಬೇಕಾಯಿತು. ಅದೇ ಹೊತ್ತಿಗೆ ಶಿವಮೊಗ್ಗಕ್ಕೆ ಹೊರಗಿನಿಂದ ಬರುವವರೂ ಹೆಚ್ಚಾದರು. ಮೆಗ್ಗಾನ್ ಮತ್ತು ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು, ಲ್ಯಾಬ್ ಟೆಕ್ನೀಷಿಯನ್‌ಗಳು, ಬ್ಯಾಂಕಿನವರು, ಕಾಲೇಜಿನ ಅತಿಥಿ ಉಪನ್ಯಾಸಕಿಯರು, ಮಾಚೇನಹಳ್ಳಿ ಕಡೆಯ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯರು, ಬಜಾರಿನ ಬಟ್ಟೆ ಮತ್ತು ಬಂಗಾರದ ಅಂಗಡಿಗಳಲ್ಲಿ ನಿಲ್ಲುವವರು. ಇವರಿಗೆ ಇಡೀ ಮನೆ ಬೇಡ. ಮನೆ ಮಾಡಿದರೆ ಪಾತ್ರೆಯಿಂದ ಪರದೆಯವರೆಗೆ ಎಲ್ಲ ಕೊಳ್ಳಬೇಕು, ಆಮೇಲೆ ವರ್ಗವಾದರೆ ಎಲ್ಲ ಹೊತ್ತುಕೊಂಡು ಹೋಗಬೇಕು. ಬ್ಯಾಗು ಹಿಡಿದು ಬಂದರೆ ಮಲಗಲು ಮಂಚ, ಬರೆಯಲು ಟೇಬಲ್ಲು, ಬಟ್ಟೆ ಇಡಲು ಬೀರು ಇರುವ ಕೋಣೆ ಸಾಕು. ಅಡುಗೆಮನೆ, ಬಚ್ಚಲು ಹಂಚಿಕೊಂಡರೂ ಆದೀತು.

ಗಾಂಧಿ ಬಜಾರಿನ ಹಳೆಯ ಮನೆಗಳು ಇದಕ್ಕೆ ಸರಿಹೊಂದುತ್ತವೆ. ಮುಂದೆ ಅಂಗಡಿ, ಹಿಂದೆ ಉದ್ದಕ್ಕೆ ಮನೆ. ಒಂದು ಕೋಣೆ ದಾಟಿ ಇನ್ನೊಂದು ಕೋಣೆ, ನಡುವೆ ಬೆಳಕಿಗೆ ಒಂದು ಅಂಗಳ. ಕೆಲಸದ ಜಾಗ, ಬಸ್ ನಿಲ್ದಾಣ, ಔಷಧಿ ಅಂಗಡಿ, ತರಕಾರಿ ಎಲ್ಲ ನಡೆಯುವಷ್ಟು ದೂರ. ರಾತ್ರಿ ಡ್ಯೂಟಿ ಮುಗಿಸಿ ಬರುವವಳಿಗೆ ಬೀದಿಯಲ್ಲಿ ಬೆಳಕಿರುತ್ತದೆ, ಜನ ಇರುತ್ತಾರೆ. ತೊಂದರೆಯೂ ಇದೆ ಅನ್ನಿ. ಗಾಳಿ ಬೆಳಕು ಕಡಿಮೆ, ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ, ಮಾರಿಕಾಂಬೆ ಜಾತ್ರೆ ಬಂತೆಂದರೆ ಬಜಾರಿನಲ್ಲಿ ಕಾಲಿಡಲು ಆಗುವುದಿಲ್ಲ. ಇದನ್ನೆಲ್ಲ ಕೋಣೆ ತೋರಿಸುವಾಗಲೇ ಹೇಳಿಬಿಡುವುದು ಒಳ್ಳೆಯದು.

ಒಂದು ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಇಪ್ಪತ್ತು ಕಿಲೋಮೀಟರಿನಷ್ಟೇ ದಾರಿ. ಹಗಲು ಕೆಲಸದವರು ಓಡಾಡಿಕೊಂಡೇ ಇರಬಹುದು. ಖಾಸಗಿ ಬಸ್ಸಿಗೆ ಮಾತ್ರ ದುಡ್ಡು ಕೊಡಬೇಕು. ಹಾಗಾಗಿ ಕೋಣೆ ಹುಡುಕಿಕೊಂಡು ಬರುವವರು ಹೆಚ್ಚಾಗಿ ದೂರದವರು, ಇಲ್ಲವೇ ರಾತ್ರಿ ಪಾಳಿಯವರು. ರಾತ್ರಿ ಹತ್ತಕ್ಕೆ ಬಾಗಿಲು ಹಾಕುವ ಮನೆಯವರು ಪಾಳಿಯ ಕೆಲಸದವರಿಗೆ ಕೋಣೆ ಕೊಟ್ಟು ಆಮೇಲೆ ಗೊಣಗಿದರೆ ಏನು ಪ್ರಯೋಜನ?

ಲೆಕ್ಕ ಹಾಕಿ ನೋಡೋಣ

ಈ ಸಲ ಸರಿಯಾಗಿ ಹಾಕೋಣ. ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಓಣಿಯ ಬಾಡಿಗೆ ನಿಮಗೇ ಗೊತ್ತು, ಅದನ್ನು ಹಾಕಿಕೊಳ್ಳಿ.

ಇಬ್ಬರಿಗೆ ಆಗುವ ಕೋಣೆ, ತಲೆಗೆ ತಿಂಗಳಿಗೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 6,000. ಹನ್ನೆರಡು ತಿಂಗಳಿಗೆ 72,000 ಎಂದು ಬರೆಯಬೇಡಿ. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಮಂಚ ಖಾಲಿ ಇರುತ್ತದೆ. ವರ್ಷಕ್ಕೆ ಹತ್ತು ತಿಂಗಳು ಮಾತ್ರ ಹಿಡಿಯಿರಿ, 60,000 ಆಯಿತು. ಕರೆಂಟು, ನೀರು, ಗ್ಯಾಸು, ಸಾಬೂನು ಪುಡಿ, ಆಗೀಗ ನಲ್ಲಿ ರಿಪೇರಿ ಎಲ್ಲ ಸೇರಿ ತಿಂಗಳಿಗೆ 1,200 ಎಂದರೆ ಹತ್ತು ತಿಂಗಳಿಗೆ 12,000. ಸಾಮಾನಿಗೆ ಸಂಘದಿಂದ 30,000 ಸಾಲ, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, ಹನ್ನೆರಡು ಕಂತು. ತಿಂಗಳಿಗೆ ಅಸಲು 2,500. ಬಡ್ಡಿ ಮೊದಲ ತಿಂಗಳು 300, ಎರಡನೇ ತಿಂಗಳು 275, ಹೀಗೆ ಇಳಿಯುತ್ತಾ ಕೊನೆಯ ತಿಂಗಳು 25. ವರ್ಷದ ಬಡ್ಡಿ ಒಟ್ಟು 1,950. ಅಂದರೆ ಸಂಘಕ್ಕೆ ಕಟ್ಟುವುದು 31,950. ಅರವತ್ತು ಸಾವಿರದಲ್ಲಿ 12,000 ಮತ್ತು 31,950 ಕಳೆದರೆ ಉಳಿಯುವುದು 16,050. ತಿಂಗಳಿಗೆ 1,300ರ ಮೇಲೆ ಸ್ವಲ್ಪ.

ಮೊದಲ ವರ್ಷ ಇಷ್ಟೇ. ಎರಡನೇ ವರ್ಷ ಸಾಲ ತೀರಿರುತ್ತದೆ, 48,000 ಕೈಗೆ ಬರುತ್ತದೆ. ಅದರಲ್ಲೂ ಹಾಸಿಗೆ ಬದಲಿಸಲು, ಸುಣ್ಣ ಬಳಿಯಲು ಒಂದಿಷ್ಟು ತೆಗೆದಿಡಬೇಕು. ಈಗ ನೋಡಿ, ತಲೆಗೆ ಎರಡು ತಿಂಗಳ ಬಾಡಿಗೆಯಂತೆ ಬಂದ 12,000 ಅಡ್ವಾನ್ಸ್ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಇರಲೇಬಾರದು. ಅದು ಬಾಡಿಗೆಗೆ ಬಂದವಳ ದುಡ್ಡು. ನಿಮ್ಮ ಹತ್ತಿರ ಇಟ್ಟಿದ್ದಾಳೆ ಅಷ್ಟೇ. ಬಂದ ದಿನವೇ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಬೇರೆ ಪಾಸ್ ಪುಸ್ತಕ ಮಾಡಿಸಿ ಹಾಕಿಬಿಡಿ. ಮನೆಯ ಖರ್ಚಿನ ಖಾತೆಯಲ್ಲಿ ಬೇಡ. ಒಂದೇ ಡಬ್ಬಿಯಲ್ಲಿ ಇಟ್ಟ ದುಡ್ಡು ಯಾವುದು ಯಾರದ್ದು ಎಂದು ಹೇಳುವುದಿಲ್ಲ.

"ಫೀಸು ಕಟ್ಟುವ ದಿನ ಬಂದಾಗ ಆ ಪಾಸ್ ಪುಸ್ತಕಕ್ಕೆ ಕೈ ಹೋಗದೆ ಇರುತ್ತಾ?" ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಹೋಗುತ್ತದೆ. ಹಾಗೆ ಹೋಗುವುದಾದರೆ ಸಂಘದ ಸಾಲ ಕೇಳಿ ಫೀಸು ಕಟ್ಟಿ, ಅದಕ್ಕೆ ಕಂತು ಇದೆ, ಕೇಳುವವರು ಇದ್ದಾರೆ. ಅಡ್ವಾನ್ಸಿಗೆ ಕಂತಿಲ್ಲ. ಕೇಳುವ ದಿನ ಪೂರ್ತಿ ಒಟ್ಟಿಗೆ ಕೇಳುತ್ತಾರೆ.

ಕರೆಂಟು ಬಿಲ್ಲಿನ ವಿಷಯವನ್ನೂ ಇಲ್ಲೇ ಹೇಳಬೇಕು, ಯಾಕೆಂದರೆ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂತು. ಉಚಿತ ಎಂದರೆ ಎಲ್ಲರಿಗೂ 200 ಯೂನಿಟ್ ಅಲ್ಲ. ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಒಂದು ಮಿತಿ ಹಾಕಿದ್ದಾರೆ. ಆ ಮಿತಿ ದಾಟಿದರೆ ದಾಟಿದ ಯೂನಿಟ್ಟಿಗೆ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನೀವೇ ಕಟ್ಟಬೇಕು. ತಾಯಿ ಮಗ ಇಬ್ಬರೇ ಇದ್ದಾಗ ಸೊನ್ನೆ ಬಿಲ್ಲು ಬರುತ್ತಿದ್ದ ಮನೆಗೆ ಇಬ್ಬರು ಬಂದು ಗೀಸರ್, ಇಸ್ತ್ರಿ ಪೆಟ್ಟಿಗೆ, ರಾತ್ರಿಯಿಡೀ ಫ್ಯಾನು ಶುರುವಾದರೆ ಮೆಸ್ಕಾಂ ಬಿಲ್ಲು ಸೊನ್ನೆ ಬರುವುದಿಲ್ಲ. ಒಳಗೆ ಒಂದು ಸಣ್ಣ ಸಬ್ ಮೀಟರ್ ಹಾಕಿಸಿ ಕೋಣೆಯ ಬಳಕೆ ಬೇರೆ ನೋಡಿಕೊಂಡರೆ ಜಗಳ ಇಲ್ಲ. ಇಲ್ಲವಾದರೆ ಬಾಡಿಗೆಯಲ್ಲೇ ಕರೆಂಟು ಸೇರಿದೆ ಎಂದು ಹೇಳಿ ಅದಕ್ಕೆ ತಕ್ಕ ಬಾಡಿಗೆ ಹೇಳಿ. ತಿಂಗಳ ಕೊನೆಗೆ "ಈ ಸಲ ಬಿಲ್ಲು ಜಾಸ್ತಿ ಬಂದಿದೆ" ಎಂದು ಬಾಗಿಲು ತಟ್ಟುವುದು ಇಬ್ಬರಿಗೂ ಕಷ್ಟ.

ಜಿ.ಎಸ್.ಟಿ. ಬಗ್ಗೆ ಹೆದರಿಸುವವರಿದ್ದಾರೆ. ಹೆದರಬೇಡಿ. ತಿಂಗಳಿಗೆ ತಲೆಗೆ 20,000 ರೂಪಾಯಿವರೆಗಿನ ವಸತಿಗೆ, ಸತತ 90 ದಿನವಾದರೂ ಉಳಿಯುವುದಾದರೆ, 2024ರ ಜುಲೈ 15ರಿಂದ ವಿನಾಯಿತಿ ಇದೆ. ನಮ್ಮ ಒಂದೆರಡು ಕೋಣೆಯ ಆದಾಯ ನೋಂದಣಿಯ ಮಿತಿಯ ಹತ್ತಿರವೂ ಹೋಗುವುದಿಲ್ಲ.

ಬರೆದಿಡಬೇಕಾದದ್ದು

"ಗುರುತಿನವರು, ಬರೆಯೋದೇನು?" ಎಂಬ ಮಾತು ನಮ್ಮಲ್ಲಿ ಹೆಚ್ಚು. ಗುರುತಿನವರಾದ್ದರಿಂದಲೇ ಬರೆಯಬೇಕು. ಮುಂದೆ ಮುಖ ನೋಡಬೇಕಲ್ಲ.

ಸಾಮಾನ್ಯವಾಗಿ ಬಾಡಿಗೆ ಕರಾರನ್ನು ಹನ್ನೊಂದು ತಿಂಗಳಿಗೆ ಮಾಡುತ್ತಾರೆ. ಯಾಕೆ ಹನ್ನೊಂದು ಎಂದು ಬಹಳ ಜನ ಕೇಳುತ್ತಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಆ ಖರ್ಚು, ಓಡಾಟ ಬೇಡವೆಂದು ಹನ್ನೊಂದು. ಮುಗಿದ ಮೇಲೆ ಹೊಸದು ಮಾಡಿಕೊಳ್ಳಬಹುದು. ಇ-ಸ್ಟಾಂಪ್ ಕಾಗದದ ಮೇಲೆ ಟೈಪು ಮಾಡಿಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಸಹಿ ಮಾಡುವ ಮೊದಲು ಓದಿಸಿ ಕೇಳಿ. ಇಂಗ್ಲಿಷಿನಲ್ಲೇ ಇರಬೇಕು ಎಂಬ ನಿಯಮ ಇಲ್ಲ, ಕನ್ನಡದಲ್ಲಿ ಬರೆಸಿ ಎಂದು ಕೇಳಿ.

ಕರಾರಿನಲ್ಲಿ ಯಾರು ಯಾರಿಗೆ ಯಾವ ಕೋಣೆ ಕೊಟ್ಟರು, ಬಾಡಿಗೆ ಎಷ್ಟು, ಯಾವ ತಾರೀಕಿಗೆ, ಅಡ್ವಾನ್ಸ್ ಎಷ್ಟು, ಅದನ್ನು ಎಷ್ಟು ದಿನದೊಳಗೆ ಹಿಂತಿರುಗಿಸುವುದು, ಅದರಲ್ಲಿ ಯಾವುದಕ್ಕೆ ಮಾತ್ರ ಮುರಿದುಕೊಳ್ಳಬಹುದು, ಬಿಡುವುದಾದರೆ ಎಷ್ಟು ದಿನ ಮುಂಚೆ ಹೇಳಬೇಕು, ಇಷ್ಟು ಸ್ಪಷ್ಟವಾಗಿರಬೇಕು. ಬಿಡುವ ಗಡುವಿನ ಬಗ್ಗೆ ಏನೂ ಬರೆಯದೆ ಇದ್ದರೆ ತಿಂಗಳ ಬಾಡಿಗೆಯ ಮನೆಗೆ ಅದೇ 1882ರ ಕಾಯ್ದೆಯಲ್ಲಿ ಹದಿನೈದು ದಿನದ ನೋಟಿಸು ಎಂದಿದೆ. ಹದಿನೈದು ದಿನದಲ್ಲಿ ಇನ್ನೊಬ್ಬರನ್ನು ಹುಡುಕುವುದೂ ಕಷ್ಟ, ಇನ್ನೊಂದು ಕೋಣೆ ಹುಡುಕುವುದೂ ಕಷ್ಟ. ಒಂದು ತಿಂಗಳು ಎಂದು ಬರೆಸಿಕೊಳ್ಳಿ.

ಸಾಮಾನು ಸಮೇತ ಕೊಡುವ ಕೋಣೆಗೆ ಇನ್ನೊಂದು ಹಾಳೆ ಬೇಕೇ ಬೇಕು. ಅದು ಸಾಮಾನಿನ ಪಟ್ಟಿ. ಎಷ್ಟು ವಿವರವಾಗಿ ಬರೆದರೆ ಅಷ್ಟು ಒಳ್ಳೆಯದು. "ಮರದ ಮಂಚ 2, ಒಂದರ ಕಾಲು ಸ್ವಲ್ಪ ಅಲುಗಾಡುತ್ತದೆ. ಹತ್ತಿ ಹಾಸಿಗೆ 2, ಹೊಸದು. ಬೀರು 1, ಬೀಗದ ಕೈ 2. ಗೋಡೆ ಕನ್ನಡಿ 1, ಎಡ ಮೂಲೆ ಒಡೆದಿದೆ. ಫ್ಯಾನ್ 1, ಶಬ್ದ ಬರುತ್ತದೆ." ಹೀಗೆ. ಮೊಬೈಲಿನಲ್ಲಿ ಫೋಟೋ ತೆಗೆದು ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಬಿಡುವ ದಿನ ಇದೇ ಪಟ್ಟಿ ಹಿಡಿದು ಇಬ್ಬರೂ ಒಟ್ಟಿಗೆ ನೋಡಬೇಕು. ಬಳಸಿ ಸವೆದದ್ದು ಬೇರೆ, ಒಡೆದದ್ದು ಬೇರೆ. ಒಂದು ವರ್ಷ ಮಲಗಿದರೆ ಹಾಸಿಗೆ ತಗ್ಗಾಗುತ್ತದೆ. ಗೋಡೆಯ ಸುಣ್ಣ ಮಾಸುತ್ತದೆ. ಅದಕ್ಕೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ನ್ಯಾಯವಲ್ಲ, ಕಾನೂನೂ ಸಹಜವಾದ ಸವೆತಕ್ಕೆ ಬಾಡಿಗೆದಾರರನ್ನು ಹೊಣೆ ಮಾಡುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಇಟ್ಟು ಹಾಸಿಗೆ ಸುಟ್ಟರೆ ಆ ಮಾತು ಬೇರೆ.

ಬಾಡಿಗೆ ಬಂದಾಗ ರಸೀದಿ ಕೊಡಿ. ನೌಕರಿಯಲ್ಲಿರುವವರು ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗಾಗಿ ರಸೀದಿ ಕೇಳುತ್ತಾರೆ. "ನನ್ನ ಹೆಸರು ತೆರಿಗೆಯವರಿಗೆ ಹೋಗುತ್ತದಾ?" ಎಂದು ಗಾಬರಿ ಬೇಡ. ವರ್ಷಕ್ಕೆ ಒಬ್ಬರಿಂದ ಒಂದು ಲಕ್ಷ ಮೀರಿದರೆ ಮಾತ್ರ ಮನೆಯವರ ಪ್ಯಾನ್ ಸಂಖ್ಯೆ ಕೇಳುತ್ತಾರೆ. ನಗದಾಗಿ 5,000 ಮೀರಿದ ಹಣಕ್ಕೆ ರಸೀದಿಯ ಮೇಲೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಬೇಕು. ಮೊಬೈಲಿನಿಂದ ಹಣ ಹಾಕಿದರೆ ಅದೇ ದಾಖಲೆ, ಆದರೂ ಒಂದು ಪುಸ್ತಕದಲ್ಲಿ ಬರೆದಿಡಿ. ಸಂಘದ ಪುಸ್ತಕ ಬರೆಯುವ ನಿಮಗೆ ಇದು ಹೊಸದಲ್ಲ.

ಮುಖ್ಯವಾದ ಒಂದು ವಿಷಯ ಬಿಟ್ಟುಹೋಗಬಾರದು. ಗಾಂಧಿ ಬಜಾರಿನ ಸುತ್ತ ತಲೆಮಾರಿನಿಂದ ಬಾಡಿಗೆಗೇ ಇರುವ ಮನೆಗಳಿವೆ. ನೀವೇ ಬಾಡಿಗೆಗೆ ಇದ್ದು ಅದರಲ್ಲಿ ಒಂದು ಕೋಣೆ ಇನ್ನೊಬ್ಬರಿಗೆ ಕೊಡುವುದಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. 2001ರ ಕೊನೆಯಲ್ಲಿ ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಒಪ್ಪಿಗೆ ಇಲ್ಲದ ಒಳಬಾಡಿಗೆ ಮನೆ ಬಿಡಿಸಲು ಒಂದು ಕಾರಣ. ಬಾಯಲ್ಲಿ "ಆಯ್ತಮ್ಮ, ಇಟ್ಕೊಳ್ಳಿ" ಎಂದವರು ನಾಳೆ ಮನೆ ಮಾರುವಾಗ ಅದನ್ನೇ ಎತ್ತಿ ಹಿಡಿಯಬಹುದು. ಮೂರು ಸಾವಿರದ ಬಾಡಿಗೆ ಆಸೆಗೆ ಇರುವ ಸೂರು ಕಳೆದುಕೊಳ್ಳುವಂತಾಗಬಾರದು. ಭೋಗ್ಯದ ಮನೆಗೂ ಇದೇ ಎಚ್ಚರಿಕೆ. ದೊಡ್ಡ ಮೊತ್ತ ಕೊಟ್ಟು ಎರಡು ಮೂರು ವರ್ಷಕ್ಕೆ ಭೋಗ್ಯ ಹಾಕಿಸಿಕೊಂಡವರು ಪತ್ರ ನೋಂದಣಿ ಆಗಿದೆಯೇ ಎಂದು ನೋಡಿಕೊಳ್ಳಿ.

ಬಂದವರ ಗುರುತಿನ ಚೀಟಿಯ ಪ್ರತಿ, ಕೆಲಸದ ಜಾಗದ ವಿಳಾಸ, ಊರಿನ ಮನೆಯವರ ಫೋನ್ ನಂಬರ್ ತೆಗೆದುಕೊಂಡು ಹತ್ತಿರದ ಪೊಲೀಸ್ ಠಾಣೆಗೆ ಒಂದು ಮಾಹಿತಿ ಕೊಟ್ಟರೆ ನಿಮಗೂ ನೆಮ್ಮದಿ. ಆಧಾರ್ ಪ್ರತಿ ಕೊಡುವವರು ಅದರ ಮೇಲೆ "ಬಾಡಿಗೆ ಕೋಣೆಗಾಗಿ" ಎಂದು ತಾರೀಕು ಸಮೇತ ಅಡ್ಡ ಬರೆದು ಸಹಿ ಹಾಕಿ ಕೊಡಿ.

ಒಂದೇ ಸೂರಿನಡಿ

ಕಾನೂನಿನ ಮಾತು ಬೇಗ ಮುಗಿಯುತ್ತದೆ. ದಿನದಿನದ ಬದುಕು ಮುಗಿಯುವುದಿಲ್ಲ. ನಾವು ಕೇಳಿದ ಜಗಳಗಳಲ್ಲಿ ಹೆಚ್ಚಿನವು ದುಡ್ಡಿನವಲ್ಲ, ಬಚ್ಚಲು ಮತ್ತು ಬಟ್ಟೆಯವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಲೆನಾಡಿನ ಮಳೆ ನಿಮಗೆ ಗೊತ್ತೇ ಇದೆ. ನಾಲ್ಕು ಜನರ ಒದ್ದೆ ಬಟ್ಟೆ ಎಲ್ಲಿ ಹಾಕುವುದು? ನರ್ಸಿನ ಸಮವಸ್ತ್ರ ನಾಳೆ ಬೆಳಿಗ್ಗೆಗೆ ಒಣಗಬೇಕು. ಒಂದು ತಗಡಿನ ಮಾಡು, ಎರಡು ಹಗ್ಗ, ಯಾರ ಹಗ್ಗ ಯಾವುದು ಎಂದು ಮೊದಲೇ ಗೊತ್ತು ಮಾಡಿದ ಮನೆಯಲ್ಲಿ ಮಳೆಗಾಲ ಸುಸೂತ್ರವಾಗಿ ಕಳೆಯುತ್ತದೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಬಚ್ಚಲಿಗೆ ಸರದಿ ಬೇಕು. ನಲ್ಲಿ ನೀರು ಬರುವ ಹೊತ್ತಿಗೆ ಹಿಡಿದಿಡುವವರು ಯಾರು ಎಂಬುದೂ ಗೊತ್ತಿರಬೇಕು.

ಅಡುಗೆಮನೆ ವಿಷಯ ಸೂಕ್ಷ್ಮ. ಮೀನು ಮಾಂಸ ಮಾಡುವ ಮನೆ, ಮಾಡದ ಮನೆ ಎಂದು ಇದೆ. ಅದು ಅವರವರ ಮನೆಯ ಪದ್ಧತಿ, ನಾವು ತಪ್ಪು ಎನ್ನುವುದಿಲ್ಲ. ಆದರೆ "ನಮ್ಮನೇಲಿ ಮೀನು ಮಾಡೋ ಹಾಗಿಲ್ಲ" ಎಂದು ನೇರವಾಗಿ ಹೇಳುವುದು ಬೇರೆ, ಹೆಸರು ಕೇಳಿ, ಜಾತಿ ಕೇಳಿ, ಕೋಣೆ ಖಾಲಿ ಇದ್ದರೂ "ಬೇರೆಯವರಿಗೆ ಕೊಟ್ಟಾಯ್ತು" ಎಂದು ಕಳುಹಿಸುವುದು ಬೇರೆ. ಮೊದಲನೆಯದನ್ನು ಕೇಳಿದವಳು ಯೋಚಿಸಿ ಒಪ್ಪುತ್ತಾಳೆ ಇಲ್ಲವೇ ಬೇರೆ ಕಡೆ ನೋಡುತ್ತಾಳೆ. ಎರಡನೆಯದನ್ನು ಕೇಳಿದವಳು ಮೆಟ್ಟಿಲು ಇಳಿಯುವಾಗ ಏನನ್ನು ಹೊತ್ತು ಇಳಿಯುತ್ತಾಳೆ ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ನಮ್ಮ ಸಂಘಗಳಲ್ಲಿ ಎಲ್ಲ ಜಾತಿ, ಧರ್ಮದ ಹೆಂಗಸರು ಒಂದೇ ಚಾಪೆಯ ಮೇಲೆ ಕೂರುತ್ತೇವೆ. ಮನೆಯ ಬಾಗಿಲಲ್ಲಿ ಅದು ಮರೆತುಹೋಗುವುದು ಯಾಕೋ.

ಅಡುಗೆ ಬೇರೆಯೇ ಮಾಡಿಕೊಳ್ಳುವವರಿಗೆ ಒಂದು ಸುಳುವು ಇದೆ. ಐದು ಕೆ.ಜಿ.ಯ ಸಣ್ಣ ಗ್ಯಾಸ್ ಸಿಲಿಂಡರ್ ವಿಳಾಸದ ದಾಖಲೆ ಇಲ್ಲದೆ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ದೊಡ್ಡ ಸಿಲಿಂಡರಿಗಿಂತ ಕೆ.ಜಿ. ಲೆಕ್ಕದಲ್ಲಿ ದುಬಾರಿ, ಆದರೆ ನಿಮ್ಮ ಸಿಲಿಂಡರ್ ಯಾವಾಗ ಖಾಲಿಯಾಯಿತು, ಯಾರಿಂದ ಖಾಲಿಯಾಯಿತು ಎಂಬ ಚರ್ಚೆ ತಪ್ಪುತ್ತದೆ.

ಕೋಣೆ ಬಾಡಿಗೆಗೆ ಕೊಟ್ಟ ಮೇಲೆ ಅದು ಅವಳ ಕೋಣೆ. ಅವಳು ಇಲ್ಲದಾಗ ಬಾಗಿಲು ತೆಗೆದು ಬೀರು ನೋಡುವುದು, ಯಾರ ಫೋನು ಬಂತು ಎಂದು ವಿಚಾರಿಸುವುದು ಬೇಡ. ನಮ್ಮ ಮಗಳ ಹಾಗೆ ಅಂತ ಕೇಳಿದ್ದು ಎನ್ನುತ್ತೀರಿ. ಅವಳಿಗೆ ತಾಯಿ ಊರಲ್ಲಿ ಇದ್ದಾಳೆ. ಜ್ವರ ಬಂದರೆ ಗಂಜಿ ಕೊಡಿ, ಅಷ್ಟು ಸಾಕು. ಒಳಗಿನಿಂದ ಹಾಕುವ ಚಿಲಕ ಗಟ್ಟಿಯಾಗಿರಲಿ. ಮನೆಯಲ್ಲಿ ಗಂಡಸರಿದ್ದರೆ ಬಚ್ಚಲಿನ ಬಾಗಿಲಿಗೂ ಕಿಟಕಿಗೂ ಮೊದಲು ಖರ್ಚು ಮಾಡಿ, ಬೀರು ಆಮೇಲೆ ತರಬಹುದು.

ಬಾಡಿಗೆ ಕೊಡದಿದ್ದರೆ? ನೋಟಿಸು ಕೊಡಬಹುದು, ಕೊನೆಗೆ ನ್ಯಾಯಾಲಯಕ್ಕೆ ಹೋಗಬಹುದು. ಸಾಮಾನು ಬೀದಿಗೆ ಹಾಕುವುದು, ಬೀಗ ಬದಲಿಸುವುದು, ನೀರು ಕರೆಂಟು ನಿಲ್ಲಿಸುವುದು ಮಾಡಬೇಡಿ. ಹಾಗೆ ಮಾಡಿದರೆ ಬಾಡಿಗೆ ಕೇಳಬೇಕಾದ ನೀವೇ ಠಾಣೆಯಲ್ಲಿ ಉತ್ತರ ಹೇಳಬೇಕಾಗುತ್ತದೆ.

ಮಗಳು ಹೊರಟಾಗ

ಈಗ ಆ ಕಡೆ ನಿಂತು ನೋಡೋಣ. ಮೇಲೆ ಮನೆಯವರಿಗೆ ಹೇಳಿದ್ದೆಲ್ಲವನ್ನೂ ನಿಮ್ಮ ಮಗಳು ಹೋಗುವ ಕಡೆ ನೀವು ಕೇಳಿ ಪಡೆಯಬೇಕು. ಕರಾರು, ಸಾಮಾನಿನ ಪಟ್ಟಿ, ರಸೀದಿ. ಕೋಣೆ ನೋಡದೆ ದುಡ್ಡು ಹಾಕಲೇಬೇಡಿ. ಮೊಬೈಲಿನಲ್ಲಿ ಚೆಂದದ ಕೋಣೆಯ ಫೋಟೋ ಬರುತ್ತದೆ, ಬಾಡಿಗೆ ಬಹಳ ಕಡಿಮೆ, "ಇವತ್ತೇ ಅಡ್ವಾನ್ಸ್ ಹಾಕಿ, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ" ಎನ್ನುತ್ತಾರೆ. ಹಾಕಿದ ಮೇಲೆ ಕೋಣೆಯೂ ಇಲ್ಲ, ಮನುಷ್ಯನೂ ಇಲ್ಲ. ಕೋಣೆ ಕೊಡುವವರಿಗೂ ಇದರದೇ ಇನ್ನೊಂದು ಮುಖ ಇದೆ. ಸೈನ್ಯದಲ್ಲಿದ್ದೇನೆ, ಅಡ್ವಾನ್ಸ್ ಕಳುಹಿಸುತ್ತೇನೆ, ಈ ಚೌಕದ ಚಿತ್ರ ಸ್ಕ್ಯಾನ್ ಮಾಡಿ ಎನ್ನುತ್ತಾರೆ. ದುಡ್ಡು ಪಡೆಯಲು ಸ್ಕ್ಯಾನ್ ಮಾಡುವುದೂ ಬೇಕಿಲ್ಲ, ಪಿನ್ ಒತ್ತುವುದೂ ಬೇಕಿಲ್ಲ. ಮೋಸ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಹಣ ಸಿಗುವ ಸಾಧ್ಯತೆ ಕಡಿಮೆ.

ಕೋಣೆ ನೋಡಲು ಸಂಜೆಯ ಮೇಲೆ ಹೋಗಿ. ಹಗಲು ಚೆನ್ನಾಗಿ ಕಾಣುವ ಬೀದಿ ರಾತ್ರಿ ಹೇಗಿದೆ ಎಂದು ಆಗ ತಿಳಿಯುತ್ತದೆ. ಅಲ್ಲಿ ಈಗಾಗಲೇ ಇರುವ ಹೆಣ್ಣುಮಕ್ಕಳ ಹತ್ತಿರ ಮನೆಯವರು ಇಲ್ಲದಾಗ ಎರಡು ಮಾತಾಡಿ. "ಬಿಟ್ಟು ಹೋದವರಿಗೆ ಅಡ್ವಾನ್ಸ್ ಸರಿಯಾಗಿ ಸಿಕ್ಕಿತಾ?" ಎಂಬ ಒಂದು ಪ್ರಶ್ನೆ ಸಾಕು. ಅಡ್ವಾನ್ಸ್ ಎಷ್ಟಿರಬೇಕು ಎಂಬುದಕ್ಕೂ ಒಂದು ಮಾತು. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದಿದೆ. ಅದು ಮಾದರಿ ಮಾತ್ರ, ರಾಜ್ಯಗಳು ತಾವೇ ಕಾನೂನು ಮಾಡಿದರೆ ಮಾತ್ರ ಜಾರಿ. ಬೆಂಗಳೂರಿನಲ್ಲಿ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಬಂದು ಬಹಳ ವರ್ಷವಾಯಿತು. ಹಾಗಿದ್ದರೂ ಚೌಕಾಸಿ ಮಾಡುವಾಗ "ಎರಡು ತಿಂಗಳು ಎಂದು ಕೇಂದ್ರದ ಮಾದರಿಯಲ್ಲೇ ಇದೆಯಲ್ಲ" ಎನ್ನಲು ಅಡ್ಡಿಯಿಲ್ಲ.

ಕಡಿಮೆ ಸಂಬಳದವರಿಗೆ ಉದ್ಯೋಗಸ್ಥ ಮಹಿಳೆಯರ ವಸತಿ ನಿಲಯ ಎಂಬ ದಾರಿಯೂ ಇದೆ. 1972–73ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಯೋಜನೆ ಇದು. ಮಿಷನ್ ಶಕ್ತಿಯಡಿ ಈಗ ಇದರ ಹೆಸರು ಸಖಿ ನಿವಾಸ. ಹಳೆಯ ನಿಯಮದಲ್ಲಿ ಬಾಡಿಗೆಯನ್ನು ಸಂಬಳಕ್ಕೆ ಕಟ್ಟಿದ್ದರು. ಒಬ್ಬರೇ ಇರುವ ಕೋಣೆಗೆ ಸಂಬಳದ ನೂರಕ್ಕೆ 15, ಇಬ್ಬರ ಕೋಣೆಗೆ 10, ಹೆಚ್ಚು ಜನ ಮಲಗುವ ಕೋಣೆಗೆ ಏಳೂವರೆ, ಅದಕ್ಕಿಂತ ಮೀರಬಾರದು ಎಂದು. ಖಾಸಗಿ ಕೋಣೆ ಹಿಡಿಯುವಾಗಲೂ ಈ ಅಳತೆ ಇಟ್ಟುಕೊಂಡು ನೋಡಿ. ಹದಿನೈದು ಸಾವಿರ ಸಂಬಳದವಳು ಇಬ್ಬರ ಕೋಣೆಗೆ 1,500 ಕೊಡಬೇಕು ಎಂದಾಯಿತು. ಆ ಬೆಲೆಗೆ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಹಾಗಾದರೆ ಸಂಬಳದ ಎಷ್ಟು ಪಾಲು ಕೋಣೆಗೇ ಹೋಗುತ್ತಿದೆ, ಊರಿಗೆ ಎಷ್ಟು ಕಳುಹಿಸಬಲ್ಲಳು ಎಂದು ಮಗಳ ಜೊತೆ ಕೂತು ಲೆಕ್ಕ ಹಾಕಿ. ಕಳುಹಿಸಲಿಲ್ಲ ಎಂದು ಆಮೇಲೆ ಬೇಸರ ಮಾಡಿಕೊಳ್ಳುವುದು ತಪ್ಪುತ್ತದೆ. ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ವಸತಿ ನಿಲಯಗಳ ಬಗ್ಗೆ ವಿಚಾರಿಸಿ.

ಅಡ್ವಾನ್ಸ್ ಕೊಡದೆ ಸತಾಯಿಸಿದರೆ ಏನು ಮಾಡುವುದು? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಪ್ರತಿ ಜಿಲ್ಲೆಯಲ್ಲೂ ಪ್ರಾಧಿಕಾರ ಇದೆ. ಸಹಾಯವಾಣಿ 15100. ಕೇಸು ಹಾಕದೆಯೇ ಇಬ್ಬರನ್ನೂ ಕರೆಸಿ ಮಾತನಾಡಿಸುವ ವ್ಯವಸ್ಥೆಯೂ ಅಲ್ಲಿದೆ. ಆದರೆ ಹೋಗುವಾಗ ಕೈಯಲ್ಲಿ ಕಾಗದ ಇರಬೇಕು. ರಾತ್ರಿ ಹೊತ್ತು ಭಯವಾದರೆ 112, ಮಹಿಳಾ ಸಹಾಯವಾಣಿ 181. ಈ ನಂಬರುಗಳನ್ನು ಮಗಳ ಮೊಬೈಲಿನಲ್ಲಿ ಮಾತ್ರವಲ್ಲ, ಕೋಣೆಯ ಬಾಗಿಲ ಹಿಂದೆಯೂ ಬರೆದು ಅಂಟಿಸಬಹುದು.

ಆ ದಿನದ ಸಭೆಯಲ್ಲಿ ಏನಾಯಿತು ಎಂದು ಕೇಳುತ್ತೀರಿ. ಅರ್ಧ ಗಂಟೆ ಮಾತಾಯಿತು. "ಫೀಸಿಗೆ ಅಂತ ಕೇಳಿದ್ರೆ ಆಗ್ಲೇ ಕೊಡ್ತಿದ್ವಲ್ಲಕ್ಕಾ" ಎಂದು ಕೆಲವರು ಬೇಸರಪಟ್ಟರು. ಮೊದಲಿನ ಸಾಲದಲ್ಲಿ ಇನ್ನೂ ಎರಡು ಕಂತು ಬಾಕಿ ಇತ್ತು, ಅದರ ಮೇಲೆ ಇನ್ನೊಂದು ಸಾಲ ಬೇಡವೆಂದು ಇಬ್ಬರು ಒಪ್ಪಲಿಲ್ಲ. ಕೊನೆಗೆ ಆರು ಸಾವಿರವನ್ನು ಆರು ಕಂತಿಗೆ ಕೊಡುವುದೆಂದು ನಿರ್ಣಯವಾಯಿತು. ಸಾಲದ ಉದ್ದೇಶದ ಜಾಗದಲ್ಲಿ "ಮಗನ ವಿದ್ಯಾಭ್ಯಾಸ" ಎಂದು ಬರೆದರು. ಅದು ಸುಳ್ಳೇನಲ್ಲ. ಮರುದಿನ ಬೆಳಿಗ್ಗೆ ಪ್ರತಿನಿಧಿ ಮತ್ತು ಆ ತಾಯಿ ಇಬ್ಬರೂ ಬಸ್ ನಿಲ್ದಾಣಕ್ಕೇ ಹೋಗಿ ನರ್ಸಿನ ಕೈಗೆ ದುಡ್ಡು ಕೊಟ್ಟು, ರಸೀದಿಗೆ ಸಹಿ ಹಾಕಿಸಿಕೊಂಡು ಬಂದರು. ಈಗ ಆ ಮಂಚಕ್ಕೆ ಭದ್ರಾವತಿಯ ಒಬ್ಬಳು ಲ್ಯಾಬ್ ಟೆಕ್ನೀಷಿಯನ್ ಬಂದಿದ್ದಾಳೆ. ಅವಳಿಗೆ ವಾರಕ್ಕೆ ಮೂರು ರಾತ್ರಿ ಪಾಳಿ. ಅವಳ ಅಡ್ವಾನ್ಸಿನ ಪಾಸ್ ಪುಸ್ತಕ ಸಂಘದ ಪೆಟ್ಟಿಗೆಯಲ್ಲಿದೆ. ಆ ತಾಯಿಯೇ ತಂದು ಇಟ್ಟಿದ್ದಾರೆ.